ಉಪಯೋಗವೇನು, ಪುರಾವೆಯೇನು?

ವಿಜ್ಞಾನವನ್ನು ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಂದ ಅಳೆಯುತ್ತೇವೆ. ‘ಇದರಿಂದ ಏನು ಉಪಯೋಗ?’ ಎನ್ನುವುದು ಒಂದು. ‘ಹೇಳಿದಷ್ಟು ಗುಣ ಇದಕ್ಕಿದೆ ಎನ್ನಲು ಪುರಾವೆ ಏನು?’ ಎನ್ನುವುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಯಾವುದನ್ನು ಯಾರಲ್ಲಿ ಕೇಳಬೇಕು ಎಂಬ ವಿವೇಕ ನಮಗೆ ತಪ್ಪಿದಂತಿದೆ. ಉಪಯೋಗದ ಪ್ರಶ್ನೆಯನ್ನು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತೇವೆ. ಪುರಾವೆಯ ಪ್ರಶ್ನೆಯನ್ನು ಕೇಳಲೇಬೇಕಾದ ಆಸ್ಪತ್ರೆಯ ಕೌಂಟರಿನಲ್ಲಿ ಮಾತಿಲ್ಲದೆ ದುಡ್ಡು ಕಟ್ಟಿ ಬರುತ್ತೇವೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಅತಿವೇಗದ ಲೇಸರಿನ ಚರಿತ್ರೆಯನ್ನು ಅದಕ್ಕೆ ಸಾಕ್ಷಿಯಾಗಿ ಇಟ್ಟುಕೊಳ್ಳುತ್ತೇನೆ. ಭೌತವಿಜ್ಞಾನದ ಒಂದು ಮೂಲೆಯಲ್ಲಿ ಹುಟ್ಟಿ ಕಣ್ಣಿನ ಆಸ್ಪತ್ರೆಗಳ ಜಾಹೀರಾತು ಫಲಕದವರೆಗೂ ಬಂದಿರುವ ಈ ಬೆಳಕಿನ ದಾರಿಯಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರವಿದೆ.

ಅತಿವೇಗದ ಲೇಸರ್ ಎಂದರೆ ಅದರ ಬೆಳಕು ಹೆಚ್ಚು ಜೋರಾಗಿ ಓಡುತ್ತದೆ ಎಂದಲ್ಲ. ಅದು ಬಿಡಿಬಿಡಿ ಮಿಡಿತಗಳಾಗಿ ಬರುತ್ತದೆ. ಒಂದೊಂದು ಮಿಡಿತದ ಆಯುಸ್ಸು ನಮ್ಮ ಎಣಿಕೆಗೆ ನಿಲುಕದಷ್ಟು ಕಿರಿದು. ಒಂದು ಸೆಕೆಂಡನ್ನು ಹತ್ತು ಕೋಟಿ ಚೂರು ಮಾಡಿ, ಅದರಲ್ಲೊಂದು ಚೂರನ್ನು ಮತ್ತೆ ಒಂದು ಕೋಟಿ ಚೂರು ಮಾಡಿದರೆ ಸಿಗುವುದು ಒಂದು ಫೆಮ್ಟೊಸೆಕೆಂಡ್. ಈ ಮಿಡಿತಗಳನ್ನು ಅಳೆಯುವುದು ಆ ಮಾನದಲ್ಲಿ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಸಾಗುವ ಬೆಳಕು 100 ಫೆಮ್ಟೊಸೆಕೆಂಡಿನಲ್ಲಿ ಸಾಗುವುದು 0.03 ಮಿಲಿಮೀಟರ್ ಮಾತ್ರ, ಅಂದರೆ ತಲೆಗೂದಲಿನ ದಪ್ಪದಷ್ಟೂ ಅಲ್ಲ.

ಇಷ್ಟು ಚಿಕ್ಕ ಅವಧಿಯಲ್ಲಿ ಶಕ್ತಿಯನ್ನು ತುಂಬಿದಾಗ ಎರಡು ವಿಶೇಷಗಳು ಕಾಣಿಸಿಕೊಳ್ಳುತ್ತವೆ. ಮೊದಲನೆಯದು ತೀವ್ರತೆ. ಒಂದು ಗ್ರಾಂ ತೂಕವನ್ನು ಹತ್ತು ಸೆಂಟಿಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಒಂದು ಮಿಲಿಜೂಲ್. ಅಷ್ಟನ್ನೇ 100 ಫೆಮ್ಟೊಸೆಕೆಂಡಿನೊಳಗೆ ಸುರಿದರೆ ಆ ಗಳಿಗೆಯ ಸಾಮರ್ಥ್ಯ 10,000 ಮೆಗಾವ್ಯಾಟ್ ಮುಟ್ಟುತ್ತದೆ. 1,035 ಮೆಗಾವ್ಯಾಟಿನ ನಮ್ಮ ಶರಾವತಿ ವಿದ್ಯುದಾಗಾರದ ಸುಮಾರು ಹತ್ತುಪಟ್ಟು! ಎರಡನೆಯದು ಶಾಖಕ್ಕೆ ಸಮಯವೇ ಸಿಗದಿರುವುದು. ವಸ್ತುವಿನ ಎಲೆಕ್ಟ್ರಾನುಗಳು ಬೆಳಕನ್ನು ಹೀರಿಕೊಂಡು ಸುತ್ತಲಿನ ಪರಮಾಣುಗಳಿಗೆ ಕಾವಾಗಿ ದಾಟಿಸಲು ಕೆಲವು ಪಿಕೊಸೆಕೆಂಡುಗಳಾದರೂ ಬೇಕು. ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಮಿಡಿತ ಬಂದು ಹೋಗಿರುತ್ತದೆ. ತಗುಲಿದ ಚುಕ್ಕೆಯಷ್ಟು ವಸ್ತು ಕಿತ್ತುಬರುತ್ತದೆ, ಪಕ್ಕದ್ದು ಸುಡುವುದಿಲ್ಲ, ಕರಗುವುದಿಲ್ಲ. ಹೃದಯದ ರಕ್ತನಾಳಕ್ಕೆ ಇಡುವ ಸ್ಟೆಂಟಿನ ಜಾಲರಿ, ಮೊಬೈಲ್ ಫೋನಿನ ಗಾಜು, ವಾಹನದ ಇಂಧನ ಇಂಜೆಕ್ಟರಿನ ಸೂಕ್ಷ್ಮ ತೂತು ಇವನ್ನೆಲ್ಲ ಇಂಥ ಅತಿಕಿರು ಮಿಡಿತಗಳಿಂದ ಕೊರೆಯುವುದು ಈ ಗುಣದಿಂದಾಗಿಯೇ. ಕಾರ್ಖಾನೆಯ ಈ ಬಳಕೆಯನ್ನು ಸಾಧ್ಯವಾಗಿಸಿದ ಜರ್ಮನಿಯ ಮೂವರಿಗೆ 2013ರಲ್ಲಿ ಆ ದೇಶದ ‘ಭವಿಷ್ಯ ಪ್ರಶಸ್ತಿ’ ಸಂದಿತು.

ಇನ್ನು ಹುಟ್ಟಿನ ಮಾತು. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದಾಗ, ಉತ್ತರವೇನೋ ಸಿಕ್ಕಿದೆ, ಪ್ರಶ್ನೆಯನ್ನು ಇನ್ನು ಹುಡುಕಬೇಕು ಎಂದು ಆ ವಲಯದವರೇ ತಮಾಷೆ ಮಾಡುತ್ತಿದ್ದರು. ಕೆಲವೇ ವರ್ಷಗಳಲ್ಲಿ ಮಿಡಿತಗಳನ್ನು ಕಿರಿದಾಗಿಸುವ ಉಪಾಯಗಳು ಬಂದವು. ಆದರೆ ಕಿರಿದಾದ ಮಿಡಿತವನ್ನು ಬಲಪಡಿಸಲು ಹೋದರೆ, ಅದರ ತೀವ್ರತೆಗೆ ಬಲಪಡಿಸುವ ಹರಳೇ ಹಾಳಾಗುತ್ತಿತ್ತು. ಈ ಗೋಡೆಯ ಮುಂದೆ ಕ್ಷೇತ್ರ ವರ್ಷಗಟ್ಟಲೆ ನಿಂತುಬಿಟ್ಟಿತು. 1985ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮುರು ಮತ್ತು ಅವರ ಪಿಎಚ್.ಡಿ. ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಗೋಡೆಯನ್ನು ಬಳಸಿ ಹೋಗುವ ದಾರಿ ಕಂಡರು. ಮಿಡಿತವನ್ನು 1.4 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರಿನಲ್ಲಿ ಹಾಯಿಸಿದಾಗ ಅದರೊಳಗಿನ ಬಣ್ಣಗಳು ಹಿಂದುಮುಂದಾಗಿ ಚೆಲ್ಲಿಕೊಂಡು, ಮಿಡಿತ ಹಿಗ್ಗಿ ಸೌಮ್ಯವಾಯಿತು. ಆ ಸ್ಥಿತಿಯಲ್ಲೇ ಅದನ್ನು ಬಲಪಡಿಸಿದರು. ಕೊನೆಗೆ ಗೆರೆಫಲಕಗಳ (ಗ್ರೇಟಿಂಗ್) ಜೋಡಿಯೊಂದರಿಂದ ಬಣ್ಣಗಳನ್ನು ಮತ್ತೆ ಒಟ್ಟುಗೂಡಿಸಿ ಮಿಡಿತವನ್ನು ಕುಗ್ಗಿಸಿದರು. ರೇಡಾರಿನಲ್ಲಿ ಇಂಥದೇ ತಂತ್ರ ಮೊದಲೇ ಬಳಕೆಯಲ್ಲಿತ್ತು, ಬೆಳಕಿಗೆ ಅದನ್ನು ಒಗ್ಗಿಸಿದ್ದು ಇವರು. ಇಬ್ಬರಿಗೂ 2018ರ ಭೌತವಿಜ್ಞಾನದ ನೊಬೆಲ್ ಬಂತು. ಕೆಲಸಕ್ಕೂ ಪ್ರಶಸ್ತಿಗೂ ನಡುವೆ 33 ವರ್ಷ.

ಇಲ್ಲಿ ಗಮನಿಸಬೇಕಾದದ್ದು ಅವರ ಉದ್ದೇಶವನ್ನು. ಸ್ಟ್ರಿಕ್‌ಲ್ಯಾಂಡ್ ಅವರ ಪ್ರಬಂಧ ತಡಕಾಡಿದ್ದು, ಒಂದು ಪರಮಾಣು ಒಂದೇ ಬಾರಿಗೆ ಹಲವು ಬೆಳಕಿನ ಕಣಗಳನ್ನು ನುಂಗಿ ಎಲೆಕ್ಟ್ರಾನನ್ನು ಹೊರಗೆಸೆಯುವ ಪರಿಯನ್ನು. ಕಣ್ಣಿನ ಚಿಕಿತ್ಸೆ ಅವರ ಕಾರ್ಯಸೂಚಿಯಲ್ಲಿ ಇರಲಿಲ್ಲ. ಆ ಪ್ರಶ್ನೆಯ ಬೇರೋ, ಇನ್ನೂ ಹಿಂದಿನದು. ಒಂದು ಪರಮಾಣು ಎರಡು ಬೆಳಕಿನ ಕಣಗಳನ್ನು ಒಟ್ಟಿಗೇ ಹೀರಬಲ್ಲದು ಎಂದು ಮರಿಯಾ ಗೋಪರ್ಟ್ ಮೇಯರ್ ಜರ್ಮನಿಯ ಗಟಿಂಗೆನ್‌ನಲ್ಲಿ ತೋರಿಸಿದ್ದು ತಮ್ಮ ಪ್ರಬಂಧದಲ್ಲಿ, ಅದು ವಿವರವಾಗಿ ಅಚ್ಚಾದದ್ದು 1931ರಲ್ಲಿ. ಅದನ್ನು ಕಣ್ಣಾರೆ ಕಾಣಿಸಬಲ್ಲ ಬೆಳಕೇ ಆಗ ಜಗತ್ತಿನಲ್ಲಿರಲಿಲ್ಲ. ಲೇಸರ್ ಬಂದ ಮೇಲೆ, 1961ರಲ್ಲಿ, ಪ್ರಯೋಗ ಅದನ್ನು ದೃಢಪಡಿಸಿತು. 1990ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್ ಮತ್ತು ವಾಟ್ ವೆಬ್ ಅದೇ ತತ್ತ್ವದ ಮೇಲೆ ಸೂಕ್ಷ್ಮದರ್ಶಕವೊಂದನ್ನು ಕಟ್ಟಿದರು. ಅವಕೆಂಪು ಬೆಳಕು ಅಂಗಾಂಶದೊಳಕ್ಕೆ ಆಳವಾಗಿ ಇಳಿಯುತ್ತದೆ, ಎರಡೆರಡು ಕಣಗಳು ಒಟ್ಟಿಗೆ ಸೇರುವಷ್ಟು ದಟ್ಟಣೆ ಇರುವುದು ಮಸೂರದ ನಾಭಿಯಲ್ಲಿ ಮಾತ್ರವಾದ್ದರಿಂದ ಹೊಳೆಯುವುದು ಆ ಒಂದು ಚುಕ್ಕೆಯಷ್ಟೇ. ಬದುಕಿರುವ ಇಲಿಯ ಮಿದುಳಿನೊಳಗೆ ನರಕೋಶಗಳು ಕೆಲಸ ಮಾಡುವುದನ್ನು ಇಂದು ವಿಜ್ಞಾನಿಗಳು ನೋಡುತ್ತಿರುವುದು ಈ ಸಾಧನದಿಂದ. ಒಂದು ಪಿಎಚ್.ಡಿ. ಪ್ರಬಂಧ ನರವಿಜ್ಞಾನದ ಉಪಕರಣವಾಗಲು ಸುಮಾರು ಅರವತ್ತು ವರ್ಷ ಹಿಡಿಯಿತು. ಯಾವ ಸರ್ಕಾರದ ಪಂಚವಾರ್ಷಿಕ ಯೋಜನೆಯೂ ಅಷ್ಟು ಕಾಯುವುದಿಲ್ಲ.

ಈ ಲೇಸರ್ ಕಣ್ಣಿನ ಕಡೆಗೆ ತಿರುಗಿದ್ದು ಆಕಸ್ಮಿಕವಾಗಿ. 1990ರ ದಶಕದ ಮೊದಲ ವರ್ಷಗಳಲ್ಲಿ, ಮುರು ಅವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ್ದ ಕೇಂದ್ರದಲ್ಲಿ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಫೆಮ್ಟೊಸೆಕೆಂಡ್ ಲೇಸರಿನ ಕಿರಣ ತಾಗಿತು. ಪರೀಕ್ಷಿಸಿದ ಯುವ ನೇತ್ರವೈದ್ಯ ರಾನ್ ಕರ್ಟ್ಜ್ ಅವರಿಗೆ ಕಂಡದ್ದು ಅಕ್ಷಿಪಟಲದ ಮೇಲೆ ಅಂಚು ಕೆಡದ, ಅಚ್ಚುಕಟ್ಟಾದ ಗಾಯ. ಸಾಮಾನ್ಯ ಲೇಸರಿನ ಗಾಯ ಹಾಗಿರುವುದಿಲ್ಲ. ಆ ಕುತೂಹಲ ಅವರನ್ನು ಲೇಸರ್ ಕೇಂದ್ರಕ್ಕೆ ಕರೆದೊಯ್ದಿತು. ಅಲ್ಲಿದ್ದ ಟಿಬೊರ್ ಯುಹಾಸ್ ಅವರೊಂದಿಗೆ ಸೇರಿ 1997ರಲ್ಲಿ ಕಂಪನಿ ಕಟ್ಟಿದರು. ಕನ್ನಡಕ ಬಿಡಿಸುವ ಲಾಸಿಕ್ ಚಿಕಿತ್ಸೆಯಲ್ಲಿ ಮೊದಲು ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಸೀಳಿ ಎತ್ತಬೇಕು. ಅಲ್ಲಿಯವರೆಗೆ ಆ ಕೆಲಸ ಮಾಡುತ್ತಿದ್ದುದು ಯಂತ್ರಕ್ಕೆ ಕೂರಿಸಿದ ಬ್ಲೇಡು. ಫೆಮ್ಟೊಸೆಕೆಂಡ್ ಮಿಡಿತಗಳು ಪಾರದರ್ಶಕವಾದ ಕಾರ್ನಿಯಾದೊಳಕ್ಕೆ ಏನೂ ಮಾಡದೆ ಇಳಿದು, ಗುರಿಯಿಟ್ಟ ಆಳದಲ್ಲಿ ಮಾತ್ರ ಕಿರುಗುಳ್ಳೆಗಳನ್ನು ಎಬ್ಬಿಸುತ್ತವೆ. ಅಂಥ ಗುಳ್ಳೆಗಳ ಸಾಲೇ ಸೀಳು. ಮುಂದೆ ಬಂದ ಸ್ಮೈಲ್ ವಿಧಾನ ಮುಚ್ಚಳವನ್ನೂ ಬಿಟ್ಟಿತು. ಅದರಲ್ಲಿ ಕಾರ್ನಿಯಾದ ಒಳಗೇ ತೆಳು ಬಿಲ್ಲೆಯೊಂದನ್ನು ಕೊರೆದು, ಕೆಲವೇ ಮಿಲಿಮೀಟರಿನ ಗಾಯದ ಮೂಲಕ ಹೊರಗೆಳೆಯುತ್ತಾರೆ.

ಕಣ್ಣು ಮತ್ತು ಫೆಮ್ಟೊಸೆಕೆಂಡಿನ ನಂಟು ಇಲ್ಲಿಗೇ ಮುಗಿಯುವುದಿಲ್ಲ. ನಾವು ನೋಡುವ ಕ್ರಿಯೆಯ ಮೊದಲ ಹೆಜ್ಜೆಯೇ ಈ ಕಾಲಮಾನದ್ದು. ಬೆಳಕು ತಾಗಿದ ಕೂಡಲೆ ಅಕ್ಷಿಪಟಲದ ರೆಟಿನಾಲ್ ಅಣು ತನ್ನ ಬಾಗನ್ನು ಬದಲಿಸಿಕೊಳ್ಳುತ್ತದೆ, ಅದು ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ ಎಂದು ಬರ್ಕ್ಲಿಯ ವಿಜ್ಞಾನಿಗಳು 1991ರಲ್ಲಿ ಅಳೆದರು. ರಾಸಾಯನಿಕ ಬಂಧ ಮುರಿಯುವ ಗಳಿಗೆಯನ್ನು ಹೀಗೆ ಹಂತಹಂತವಾಗಿ ಹಿಡಿಯುವ ದಾರಿ ತೋರಿದ ಅಹ್ಮದ್ ಜೆವೈಲ್ ಅವರಿಗೆ 1999ರಲ್ಲಿ ರಸಾಯನವಿಜ್ಞಾನದ ನೊಬೆಲ್ ಬಂತು. ನೋಟವೆಂದರೇನು ಎಂಬ ತಿಳಿವಳಿಕೆಗೆ ಇದು ಸೇರಿಸಿದ್ದನ್ನು ಯಾವ ಬೆಲೆಪಟ್ಟಿಯಲ್ಲಿ ಬರೆಯೋಣ? ಉಪಯೋಗದ ಪ್ರಶ್ನೆಯ ಮೊದಲ ದೋಷ ಇದು: ತಿಳಿಯುವುದನ್ನೇ ಅದು ಉಪಯೋಗವೆಂದು ಒಪ್ಪುವುದಿಲ್ಲ. ಎರಡನೆಯ ದೋಷ, ಉತ್ತರ ಗೊತ್ತಾಗುವ ಮೊದಲೇ ಉತ್ತರ ಕೇಳುವುದು. 1985ರಲ್ಲಿ ಯಾವ ಪರಿಶೀಲನಾ ಸಮಿತಿ ಕೇಳಿದ್ದರೂ ಸ್ಟ್ರಿಕ್‌ಲ್ಯಾಂಡ್ ಲಾಸಿಕ್ ಎಂದು ಹೇಳುವಂತಿರಲಿಲ್ಲ.

ಇಲ್ಲಿಯವರೆಗಿನದು ಎಲ್ಲರೂ ತಲೆದೂಗುವ ಕತೆ. ಇದೇ ಲೇಸರಿಗೆ ಇನ್ನೊಂದು ಅಧ್ಯಾಯವಿದೆ, ಅದನ್ನು ಹೇಳುವವರು ಕಡಿಮೆ. 2008ರಲ್ಲಿ ಬುಡಾಪೆಸ್ಟಿನ ಜೊಲ್ಟಾನ್ ನಾಜ್ ಫೆಮ್ಟೊಸೆಕೆಂಡ್ ಲೇಸರನ್ನು ಪೊರೆಯ ಶಸ್ತ್ರಚಿಕಿತ್ಸೆಗೆ ತಂದರು. ಪೊರೆ ಎಂದರೆ ಕಣ್ಣಿನೊಳಗಿನ ಮಸೂರ ಮಂಜಾಗುವುದು. ಅದನ್ನು ತೆಗೆದು ಕೃತಕ ಲೆನ್ಸ್ ಹಾಕಬೇಕು. ಲೇಸರ್ ಇಲ್ಲಿ ಮಾಡುವುದು ಮೂರು ಕೆಲಸ: ಕಾರ್ನಿಯಾದಲ್ಲಿ ಸೀಳು ಬಿಡುವುದು, ಮಸೂರದ ಚೀಲದ ಮುಂಭಾಗದಲ್ಲಿ ದುಂಡನೆಯ ಕಿಂಡಿ ತೆಗೆಯುವುದು, ಮಸೂರವನ್ನು ಹೋಳು ಮಾಡುವುದು. ಆ ಹೋಳುಗಳನ್ನು ಹೀರಿ ತೆಗೆಯಲು ಮತ್ತೆ ಸಾಮಾನ್ಯ ಪೊರೆ ಶಸ್ತ್ರಚಿಕಿತ್ಸೆಯ ಹಳೆಯ ಫೇಕೊ ಯಂತ್ರವೇ ಬೇಕು, ಲೆನ್ಸ್ ಕೂರಿಸಲು ವೈದ್ಯರ ಕೈಯೇ ಬೇಕು. ಆದರೂ ‘ಬ್ಲೇಡ್‌ಲೆಸ್’, ‘ರೋಬೊಟಿಕ್’ ಎಂಬ ಹೆಸರುಗಳಲ್ಲಿ ಇದು ಬಲು ಬೇಗ ಪೇಟೆಗೆ ಬಂತು. ಲೇಸರ್ ಕಿಂಡಿ ಎಷ್ಟು ದುಂಡಗೆ ಬರುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅದರಿಂದ ರೋಗಿಗೆ ಹೆಚ್ಚು ಚೆನ್ನಾಗಿ ಕಾಣಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ಆ ಪ್ರಶ್ನೆಯನ್ನು ಫ್ರಾನ್ಸ್ ಕೇಳಿತು. ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ 900ಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿ, ಯಾರಿಗೆ ಯಾವ ಚಿಕಿತ್ಸೆ ಎಂಬುದು ರೋಗಿಗೆ ತಿಳಿಯದಂತೆ ಲೇಸರಿನ ಸೋಗನ್ನೂ ಹೂಡಿ, ಹೋಲಿಸಿ ನೋಡಿದರು. 2020ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು: ಲೇಸರ್ ಚಿಕಿತ್ಸೆ ಸಾಮಾನ್ಯ ಫೇಕೊಗಿಂತ ಮೇಲಲ್ಲ, ಖರ್ಚು ಮಾತ್ರ ಹೆಚ್ಚು. ಬ್ರಿಟನ್ನಿನ ದೊಡ್ಡ ಪರೀಕ್ಷೆಯೂ ಸುಮಾರು ಅದೇ ಹೊತ್ತಿಗೆ ಇದೇ ತೀರ್ಮಾನಕ್ಕೆ ಬಂತು. ಲೇಸರಿನಿಂದ ಹಾನಿಯಾಯಿತು ಎಂದು ಈ ಪರೀಕ್ಷೆಗಳು ಹೇಳಲಿಲ್ಲ. ಕೊಟ್ಟ ಹೆಚ್ಚಿನ ಹಣಕ್ಕೆ ಹೆಚ್ಚಿನ ಫಲ ಕಾಣಲಿಲ್ಲ, ಅಷ್ಟೆ. ಲಾಸಿಕ್ ವಿಷಯದಲ್ಲೂ ಸ್ವಲ್ಪ ಎಚ್ಚರ ಬೇಕು. ಬ್ಲೇಡಿಗಿಂತ ಲೇಸರ್ ಕೊರೆಯುವ ಮುಚ್ಚಳದ ದಪ್ಪ ಹೆಚ್ಚು ಕರಾರುವಾಕ್ಕು ಎಂಬುದು ನಿಜ, ಆದರೆ ಕೊನೆಗೆ ದಕ್ಕುವ ದೃಷ್ಟಿಯಲ್ಲಿ ಎರಡಕ್ಕೂ ದೊಡ್ಡ ಅಂತರ ಹೋಲಿಕೆಗಳಲ್ಲಿ ಕಂಡಿಲ್ಲ.

ಈ ಮಾತು ಫ್ರಾನ್ಸಿಗಿಂತ ನಮಗೆ ಹೆಚ್ಚು ಮುಖ್ಯ. ಭಾರತದಲ್ಲಿ ಕುರುಡುತನದ ಅತಿ ದೊಡ್ಡ ಕಾರಣ ಇಂದಿಗೂ ಪೊರೆಯೇ. ಊರೂರಿಗೆ ಹೋಗಿ ಕಣ್ಣಿನ ಶಿಬಿರ ನಡೆಸಿದ ಡಾ. ಎಂ. ಸಿ. ಮೋದಿಯವರನ್ನು ಕಂಡ ಈ ನಾಡಿಗೆ, ಪೊರೆಯ ವಿಷಯದಲ್ಲಿ ನಿಜವಾದ ಕೊರತೆ ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ವೈದ್ಯರು ಹಳ್ಳಿಯ ಮುದುಕಿಯನ್ನು ತಲುಪುತ್ತಾರೋ ಇಲ್ಲವೋ ಎಂಬುದೇ ಅಲ್ಲಿ ನಿರ್ಣಾಯಕ. 2007ರಲ್ಲಿ ನೇಪಾಳದ ಸಂದುಕ್ ರುಯಿಟ್ ಮತ್ತು ಸಂಗಡಿಗರು, ದುಬಾರಿ ಯಂತ್ರ ಬೇಡದ ಕಿರುಗಾಯದ ಕೈಶಸ್ತ್ರಚಿಕಿತ್ಸೆಯನ್ನು ಫೇಕೊ ಜೊತೆ ಹೋಲಿಸಿದರು. ಆರು ತಿಂಗಳ ನಂತರ ಎರಡರ ಫಲವೂ ಹೆಚ್ಚುಕಡಿಮೆ ಸಮ ಇತ್ತು, ಕೈವಿಧಾನ ಬೇಗ ಮುಗಿಯುತ್ತಿತ್ತು, ಅಗ್ಗವೂ ಆಗಿತ್ತು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಅಪಾರ ಸಂಖ್ಯೆಯ ಬಡವರಿಗೆ ದೃಷ್ಟಿ ಮರಳಿಸಿದ್ದು ಇಂಥ ವಿಧಾನವನ್ನೂ ತನ್ನದೇ ಕಾರ್ಖಾನೆಯ ಅಗ್ಗದ ಲೆನ್ಸನ್ನೂ ನೆಚ್ಚಿಕೊಂಡು. ಹೀಗಿರುವಾಗ, ತಂದೆಯ ಪೊರೆ ಆಪರೇಷನ್ನಿಗೆ ‘ಸಾದಾ’ ಸಾಕೆಂದರೆ ಮಗ ಜಿಪುಣನಾಗುತ್ತಾನೆ ಎಂಬ ಅಳುಕನ್ನು ಹುಟ್ಟಿಸುವ ಪ್ಯಾಕೇಜುಗಳು ವೈದ್ಯವಿಜ್ಞಾನದ ಆಧಾರದ ಮೇಲೆ ನಿಂತಿಲ್ಲ. ನಮ್ಮ ಪ್ರೀತಿಯನ್ನೂ ಭಯವನ್ನೂ ಅವು ನಗದು ಮಾಡಿಕೊಳ್ಳುತ್ತವೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ಗಟ್ಟಿಯಾದವೇ. ಒಂದನೆಯದು: ನೀವು ಗೆದ್ದವರ ಕತೆಯನ್ನಷ್ಟೇ ಹೇಳುತ್ತಿದ್ದೀರಿ. ಒಬ್ಬ ಸ್ಟ್ರಿಕ್‌ಲ್ಯಾಂಡ್ ಇದ್ದರೆ, ಯಾವ ದಡಕ್ಕೂ ಮುಟ್ಟದ ಸಂಶೋಧನೆ ಮಾಡಿದವರು ಎಷ್ಟೋ ಮಂದಿ. ಅದೆಲ್ಲ ಜನರ ತೆರಿಗೆಯ ಹಣವಲ್ಲವೇ? ಹೌದು, ಜನರದ್ದೇ. ಬಹುಪಾಲು ಮೂಲಸಂಶೋಧನೆ ಲಾಸಿಕ್ ಆಗುವುದಿಲ್ಲ ಎಂಬುದೂ ನಿಜ. ಆದರೆ ಗೆಲ್ಲುವುದು ಯಾವುದೆಂದು ಮೊದಲೇ ಆರಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಹಾಗಾಗಿ ಪ್ರಯೋಗಾಲಯದಿಂದ ಲೆಕ್ಕ ಕೇಳಲೇಬೇಕು, ಆದರೆ ಕೇಳಬೇಕಾದ ಲೆಕ್ಕ ಬೇರೆ. ಪ್ರಶ್ನೆ ಹೊಸದಾಗಿತ್ತೇ, ಅಳತೆ ಪ್ರಾಮಾಣಿಕವಾಗಿತ್ತೇ, ಸೋತದ್ದನ್ನೂ ಪ್ರಕಟಿಸಿದರೇ, ಕೈಪಳಗಿದ ವಿದ್ಯಾರ್ಥಿಗಳು ಹೊರಬಂದರೇ? ಇವಕ್ಕೆ ಇಂದೇ ಉತ್ತರ ಕೊಡಬಹುದು. ‘ಉಪಯೋಗವೇನು’ ಎಂಬುದಕ್ಕೆ ಇಂದು ಕೊಡಬಹುದಾದದ್ದು ಸುಳ್ಳು ಭರವಸೆ ಮಾತ್ರ, ಅನುದಾನದ ಅರ್ಜಿಗಳಲ್ಲಿ ಅದು ಈಗಾಗಲೇ ಧಾರಾಳವಾಗಿ ತುಂಬಿದೆ.

ಎರಡನೆಯ ಆಕ್ಷೇಪ: ಆಸ್ಪತ್ರೆಗೆ ಇಷ್ಟು ಬಿಗಿ ಮಾಡಿದರೆ ಹೊಸ ಯಂತ್ರ ಬೆಳೆಯುವುದು ಹೇಗೆ? ಮೊದಲ ತಲೆಮಾರಿನ ಯಂತ್ರವನ್ನು ಯಾರೋ ಕೊಂಡರೆ ತಾನೆ ಎರಡನೆಯದು ಸುಧಾರಿಸುವುದು? ಇದರಲ್ಲೂ ಸತ್ಯವಿದೆ. ಆದರೆ ಆ ಬೆಳವಣಿಗೆಯ ಖರ್ಚನ್ನು ಹೊರಬೇಕಾದವರು ಯಾರು? ಪರೀಕ್ಷೆಗೆ ಒಪ್ಪಿ, ಎಲ್ಲವನ್ನೂ ತಿಳಿದು ಬರುವ ರೋಗಿಗೆ ನಾವು ಕೃತಜ್ಞರಾಗಿರಬೇಕು. ‘ಇದೇ ಉತ್ತಮ’ ಎಂದು ನಂಬಿಸಿ ಹೆಚ್ಚಿನ ದರ ವಸೂಲು ಮಾಡಿದರೆ, ರೋಗಿ ತನಗೇ ಗೊತ್ತಿಲ್ಲದೆ ಕಂಪನಿಯ ಹೂಡಿಕೆದಾರನಾಗುತ್ತಾನೆ, ಲಾಭದಲ್ಲಿ ಮಾತ್ರ ಪಾಲಿಲ್ಲ. ನನ್ನ ವಾದದ ತಿರುಳು ಇರುವುದು ಇಲ್ಲಿ. ಪ್ರಯೋಗಾಲಯದ ಸೋಲನ್ನು ಇಡೀ ಸಮಾಜ ಹಂಚಿಕೊಳ್ಳುತ್ತದೆ, ತಲೆಗೆ ಕೆಲವು ಪೈಸೆಯಂತೆ. ಚಿಕಿತ್ಸೆಯ ತಪ್ಪು ಆಯ್ಕೆಯನ್ನು ಒಂದು ಕುಟುಂಬ ಒಂಟಿಯಾಗಿ ಹೊರುತ್ತದೆ, ಸಾಲವಾಗಿ ಅಥವಾ ನೋವಾಗಿ. ಸೋಲಿನ ಭಾರ ಹಂಚಿಹೋಗುವಲ್ಲಿ ಧೈರ್ಯ ಮಾಡಬಹುದು. ಒಬ್ಬರ ಹೆಗಲಿಗೇ ಬೀಳುವಲ್ಲಿ ಪುರಾವೆ ಕೇಳಲೇಬೇಕು.

ನಮ್ಮ ದೇಶದ ನಡೆ ಇದಕ್ಕೆ ಉಲ್ಟಾ. ಸಂಶೋಧನೆಗೆ ನಾವು ಖರ್ಚು ಮಾಡುತ್ತಿರುವುದು ದೇಶದ ಒಟ್ಟು ಉತ್ಪನ್ನದ ಸುಮಾರು ಶೇ. 0.64. ಹಾಗೆಂದು ಅತಿವೇಗದ ಲೇಸರಿನಲ್ಲಿ ಇಲ್ಲಿ ಕೆಲಸವಾಗಿಲ್ಲ ಎಂದಲ್ಲ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಜಿ. ರವೀಂದ್ರ ಕುಮಾರ್ ಅವರ ತಂಡ ಇಂಥ ಮಿಡಿತಗಳಿಂದ ಘನವಸ್ತುವನ್ನು ಗಳಿಗೆಯಲ್ಲಿ ಪ್ಲಾಸ್ಮಾ ಮಾಡಿ, ಅದರಲ್ಲೇಳುವ ಅಗಾಧ ಕಾಂತಕ್ಷೇತ್ರಗಳನ್ನು ಅಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವ ಉಮಾಪತಿ ಅವರ ತಂಡ, ರಾಮನ್ ಪರಿಣಾಮವನ್ನು ಫೆಮ್ಟೊಸೆಕೆಂಡ್ ಕಾಲಮಾನಕ್ಕೆ ಒಗ್ಗಿಸಿ ಅಣುಗಳ ಬದಲಾವಣೆಯನ್ನು ಹಿಂಬಾಲಿಸುವ ವಿಧಾನವೊಂದನ್ನು ರೂಪಿಸಿತು. ಇವರ ದುಡಿಮೆಯಿಂದ ಮುಂದೆ ಏನು ಹುಟ್ಟೀತು ಎಂದು ಇಂದು ಯಾರೂ ಹೇಳಲಾರರು. 2023ರಲ್ಲಿ ಕಾಯ್ದೆಯಾಗಿ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಅಂದಾಜಿದೆ, ಅದರ ಹೆಚ್ಚಿನ ಪಾಲು ಸರ್ಕಾರದ ಹೊರಗಿನಿಂದ ಬರಬೇಕೆಂಬುದು ನಿರೀಕ್ಷೆ. ಉದ್ಯಮದ ಹಣ ಬಂದರೆ ಸಂತೋಷ. ಆದರೆ ಆ ಹಣ ಮೊದಲು ಕೇಳುವುದೇ ಉಪಯೋಗವನ್ನು. 1985ರ ರೋಚೆಸ್ಟರಿನ ಪ್ರಯೋಗಾಲಯದಂಥದ್ದಕ್ಕೆ ಖಜಾನೆಯೇ ನೇರವಾಗಿ, ದೀರ್ಘಕಾಲಕ್ಕೆ ದುಡ್ಡು ಕೊಡಬೇಕಾಗುತ್ತದೆ.

ಎರಡೂ ಪ್ರಶ್ನೆಗಳನ್ನು ಸರಿಯಾದ ಜಾಗದಲ್ಲಿ ಕೇಳುವ ಅವಕಾಶ ಈಗ ಮತ್ತೊಮ್ಮೆ ಬಂದಿದೆ. 1987ರಲ್ಲಿ ಪ್ಯಾರಿಸ್ ಬಳಿಯ ಸಾಕ್ಲೆಯಲ್ಲಿ ಆನ್ ಲುಯಿಯೆ ಅವಕೆಂಪು ಲೇಸರನ್ನು ಆರ್ಗಾನ್ ಅನಿಲದಲ್ಲಿ ಹಾಯಿಸಿದಾಗ ಅನಿರೀಕ್ಷಿತವಾಗಿ ಬೆಳಕಿನ ಅನೇಕ ಮೇಲ್‌ಸ್ವರಗಳು, ಅಂದರೆ ಮೂಲ ಕಂಪನದ ಹಲವು ಪಟ್ಟು ವೇಗದ ಕಂಪನಗಳು, ಹೊಮ್ಮಿದವು. ಆ ಎಳೆಯನ್ನು ಹಿಡಿದು 2001ರಲ್ಲಿ ಪಿಯೆರ್ ಅಗೊಸ್ತಿನಿ 250 ಅಟೊಸೆಕೆಂಡಿನ ಮಿಡಿತಗಳ ಸಾಲನ್ನೂ, ಫೆರೆಂಕ್ ಕ್ರೌಜ್ 650 ಅಟೊಸೆಕೆಂಡಿನ ಒಂಟಿ ಮಿಡಿತವನ್ನೂ ಪಡೆದರು. ಅಟೊಸೆಕೆಂಡ್ ಎಂದರೆ ಫೆಮ್ಟೊಸೆಕೆಂಡಿನ ಸಾವಿರದ ಒಂದು ಪಾಲು, ಪರಮಾಣುವಿನೊಳಗೆ ಎಲೆಕ್ಟ್ರಾನು ಚಲಿಸುವ ಕಾಲಮಾನ. ಮೂವರಿಗೂ 2023ರ ನೊಬೆಲ್ ಸಂದಿತು. ಇದೇ ಕ್ರೌಜ್ ಅವರ ಬಳಗ ಮ್ಯೂನಿಕ್‌ನಲ್ಲಿ ಈಗ ಇನ್ನೊಂದು ಕೆಲಸಕ್ಕೆ ಕೈಹಾಕಿದೆ. ರಕ್ತದ ಹನಿಗೆ ಅವಕೆಂಪಿನ ಕಿರು ಮಿಡಿತ ಹಾಯಿಸಿ, ಅಣುಗಳು ಕಂಪಿಸಿ ಕೊಡುವ ಮರುದನಿಯಲ್ಲಿ ಕ್ಯಾನ್ಸರಿನಂಥ ರೋಗಗಳ ಗುರುತು ಸಿಕ್ಕೀತೇ ಎಂದು ಹುಡುಕುತ್ತಿದೆ.

ಈ ಹುಡುಕಾಟ ಪ್ರಯೋಗಾಲಯದಲ್ಲಿ ಇರುವಷ್ಟು ಕಾಲ ಅದಕ್ಕೆ ಹಣವೂ ತಾಳ್ಮೆಯೂ ಸಲ್ಲಬೇಕು. ನಾಳೆ ಅದು ‘ಒಂದೇ ಹನಿಯಲ್ಲಿ ಎಲ್ಲ ರೋಗ’ ಎಂಬ ಹೆಲ್ತ್ ಚೆಕಪ್ ಪ್ಯಾಕೇಜಾಗಿ ನಮ್ಮ ಬಡಾವಣೆಗೆ ಬಂದರೆ, ಆಗ ಕೇಳಬೇಕಾದವು ಬೇರೆ: ಯಾವುದರ ಜೊತೆ ಹೋಲಿಸಿದ್ದೀರಿ, ಎಷ್ಟು ಮಂದಿಯಲ್ಲಿ, ರೋಗವಿಲ್ಲದವರಿಗೆ ಇದೆಯೆಂದು ತಪ್ಪಾಗಿ ಹೇಳಿದ್ದು ಎಷ್ಟು ಸಲ, ಇದನ್ನು ಮಾಡಿಸಿಕೊಂಡವರು ಮಾಡಿಸದವರಿಗಿಂತ ಚೆನ್ನಾಗಿ ಬಾಳಿದರೇ? ಪ್ರತಿಯೊಬ್ಬ ರೋಗಿಯೂ ಇವನ್ನು ಒಬ್ಬಂಟಿಯಾಗಿ ಕೇಳಲಿ ಎಂದು ಬಯಸುವುದು ಅನ್ಯಾಯ. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಡಿ ಆರೋಗ್ಯ ತಂತ್ರಜ್ಞಾನಗಳ ಮೌಲ್ಯಮಾಪನಕ್ಕೆಂದೇ ಒಂದು ವ್ಯವಸ್ಥೆ ಇದೆ. ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಿನ ದರಕ್ಕೆ ಮಾರಾಟವಾಗುವ ಯಂತ್ರಗಳ ಮೇಲೂ ಅದು ಕಣ್ಣಿಡಲಿ, ಪೊರೆಯ ಲೇಸರಿನಿಂದಲೇ ಶುರುಮಾಡಲಿ, ತೀರ್ಮಾನವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ ಪ್ರತಿ ಕಣ್ಣಿನ ಆಸ್ಪತ್ರೆಯ ದರಪಟ್ಟಿಯ ಪಕ್ಕದಲ್ಲೇ ಹಚ್ಚಲಿ. ಲೇಸರ್ ಬೇಕೆನ್ನುವವರು ಆಗಲೂ ಮಾಡಿಸಿಕೊಳ್ಳಬಹುದು, ತಾವು ಯಾತಕ್ಕೆ ದುಡ್ಡು ಕೊಡುತ್ತಿದ್ದೇವೆ ಎಂದು ತಿಳಿದು.